ಒಣ ಹುರುಳಿ ಮತ್ತು ಬಾಣಂತಿಯ ಹೊಟ್ಟೆ

ಮನೆಭೇಟಿಗೆ ಹೋದಾಗ ಚೀಲವನ್ನು ಬರಿ ನೆಲದ ಮೇಲೆ ಇಡಬಾರದು. ಮೊದಲು ಹಳೆಯ ಪತ್ರಿಕೆಯ ಹಾಳೆ ಹಾಸಬೇಕು, ಅದರ ಮೇಲೆ ಚೀಲ. ಸೋಪು, ಟವೆಲ್ಲು ತೆಗೆದು ಕೈ ತೊಳೆಯಬೇಕು. ಆಮೇಲೆ ಥರ್ಮಾಮೀಟರು. ತಾಯಿಯ ನಾಡಿ, ಜ್ವರ, ಎದೆ, ಗರ್ಭಕೋಶ, ಸ್ರಾವ, ಕಾಲು, ಕೊನೆಗೆ ಮಗು. ನನಗೆ ತರಬೇತಿ ಕೊಟ್ಟ ಮೇಟ್ರನ್ ಈ ಕ್ರಮವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂತೆ ಮಾಡಿದ್ದರು. ಕ್ರಮ ತಪ್ಪಿದವರಿಗೆ ಆ ದಿನ ವಾರ್ಡು ಇಲ್ಲ, ಬೆಡ್‌ಪ್ಯಾನ್ ತೊಳೆಯುವ ಕೋಣೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಜಕ್ಕೂರಿನ ಆ ಮನೆಯಲ್ಲಿ ನಾನು ಒಂದು ಕ್ರಮವನ್ನೂ ತಪ್ಪಿಸಲಿಲ್ಲ. ಆದರೂ ಆಗುವುದು ಆಯಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಯಲಹಂಕದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಆರೋಗ್ಯ ಸಂದರ್ಶಕಿ. ಹೆರಿಗೆಯಾದ ಮನೆಗಳಿಗೆ ಹೋಗಿ ತಾಯಿ, ಮಗುವನ್ನು ನೋಡಿ ಬರುವುದು ಕೆಲಸ. ಹಳ್ಳಿಯವರಿಗೆ ನಾನು ನರ್ಸಮ್ಮ. ಜಕ್ಕೂರಿನ ಆ ಮನೆಯ ಯಜಮಾನರು ಜಟಕಾ ಹೊಡೆಯುತ್ತಿದ್ದರು. ಮನೆಗೆ ಅಂಟಿಕೊಂಡೇ ಕುದುರೆ ಲಾಯ, ಲಾಯದ ಮೂಲೆಯಲ್ಲಿ ಹುರುಳಿ ಮೂಟೆ. ಕಿರಿಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಸೂಲಗಿತ್ತಿ ಹೆರಿಗೆ ಮಾಡಿಸಿದ್ದಳು. ನೋವು ಬಹಳ ಎಳೆದು, ಗಂಡು ಮಗು ಹುಟ್ಟಿತ್ತು.

ಬಾಣಂತಿ ಕೋಣೆಗೆ ಕಿಟಕಿ ಇರಲಿಲ್ಲ. ನುಲಿ ಮಂಚದ ಕೆಳಗೆ ಕೆಂಡದ ಮಡಕೆ, ಸಾಂಬ್ರಾಣಿ ಹೊಗೆ. ಹುಡುಗಿಯ ಕಿವಿಗೆ ಬಟ್ಟೆ ಕಟ್ಟಿದ್ದರು, ಹೊಟ್ಟೆಗೆ ಹಳೆಯ ಸೀರೆ ಬಿಗಿದಿದ್ದರು. ಅವಳ ತಾಯಿ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡರು.

"ಒಟ್ಟೆ ಇಳೀತಾನೇ ಇಲ್ಲ ನರ್ಸಮ್ಮ. ಎಷ್ಟು ಬಿಗುದ್ರೂ ಇನ್ನೊಂದು ಕೂಸು ಒಳಗೇ ಉಳ್ದಂಗೆ ಐತೆ."

"ನೋಡೋಣ. ಕುಡಿಯೋಕೆ ನೀರು ಎಷ್ಟು ಕೊಡ್ತಿದೀರಿ?"

"ನೀರಾ? ಬಾಣಂತಿಗಾ?" ಎಂದು ನಕ್ಕವರು ಪಕ್ಕದ ಮನೆಯ ಅಜ್ಜಿ. ಆ ಬೀದಿಯ ಬಾಣಂತನಗಳಿಗೆಲ್ಲ ಅವರೇ ಹಿರಿಯರು. ಗೋಡೆಗೆ ಒರಗಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. "ಅಸೀ ಮೈ ಕಣವ್ವ. ನೀರು ಕುಡುದ್ರೆ ಒಟ್ಟೆ ಬೀಳ್ತದೆ. ತುಟಿ ಒದ್ದೆ ಮಾಡ್ತೀವಿ, ಸಾಕು. ಊಟಕ್ಕೆ ಬಿಸಿ ಅನ್ನ, ಮೆಣಸಿನ ಕಾರ. ಮ್ಯಾಲೆ ಉಳ್ಳಿ ಉರುದು ಇಟ್ಟು ಮಾಡಿ ಕೊಡ್ತಾ ಇದೀವಿ. ಒಟ್ಟೆ ಕೊಬ್ಬನ್ನ ಕರಗುಸ್ತದೆ."

"ಹುರುಳಿ ಹೊಟ್ಟೆ ಕೊಬ್ಬು ಕರಗ್ಸುತ್ತೆ ಅಂತ ಯಾರು ಹೇಳಿದ್ರು?"

"ಯಾರೇಳ್ಬೇಕು? ಲಾಯದಾಗೆ ನೋಡು. ದಿನಾ ಉಳ್ಳಿ ತಿಂತದೆ. ಕುದ್ರೆಗೆ ಬೊಜ್ಜು ಬಂದಿರೋದು ಎಲ್ಲಾದ್ರೂ ಕಂಡಿದೀಯಾ?"

"ಕುದುರೆ ದಿನಾ ಯಲಹಂಕಕ್ಕೆ ಗಾಡಿ ಎಳೆಯುತ್ತೆ ಅಜ್ಜಿ. ನೀವೂ ಎಳೀರಿ, ನಿಮಗೂ ಬೊಜ್ಜು ಬರಲ್ಲ."

ಅಜ್ಜಿ ಬಾಯಿಯ ಎಲೆಯಡಿಕೆ ಚೆಲ್ಲುವಂತೆ ನಕ್ಕರು. ಮಂಚದ ಮೇಲಿನ ಹುಡುಗಿಯ ತುಟಿಯೂ ಸ್ವಲ್ಪ ಅಲುಗಿತು. ಆ ತುಟಿ ಒಡೆದು ರಕ್ತ ಕಟ್ಟಿತ್ತು.

ಕ್ರಮದ ಪ್ರಕಾರ, ಗರ್ಭಕೋಶ ಮುಟ್ಟಿ ನೋಡುವ ಮೊದಲು ಮೂತ್ರದ ವಿಷಯ ಕೇಳಬೇಕು. ಕೇಳಿದೆ. "ಒಂದೇ ಸಮ ಓಗ್ತಾನೇ ಐತೆ, ಬಟ್ಟೆ ಬದ್ಲಾಯ್ಸಿ ಸಾಕಾಯ್ತು" ಎಂದರು ತಾಯಿ. ನನಗೆ ಅಲ್ಲೇ ಅನುಮಾನ ಬಂತು. ಕಟ್ಟು ಬಿಚ್ಚಿಸಿದೆ. ಹೊಕ್ಕುಳದ ಮೇಲಿನ ತನಕ ಬಿಗಿದು ನಿಂತ ಗುಂಡು. ಬೆರಳಿಟ್ಟು ತಟ್ಟಿದರೆ ಮಂದ ಶಬ್ದ. ಕೊಬ್ಬು ಹಾಗೆ ಗುಂಡಾಗಿ ನಿಲ್ಲುವುದಿಲ್ಲ, ಹಿಡಿದರೆ ಮಡಿಕೆಯಾಗಿ ಕೈಗೆ ಬರುತ್ತದೆ. ಇದು ಮೂತ್ರಕೋಶ. ಕಷ್ಟದ ಹೆರಿಗೆಯ ಒತ್ತಡಕ್ಕೆ ಅದು ಸೋತು, ತಾನಾಗಿ ಖಾಲಿಯಾಗುವ ಶಕ್ತಿ ಕಳೆದುಕೊಂಡಿರುತ್ತದೆ. ತುಂಬಿ ತುಂಬಿ, ತುಳುಕಿದ್ದು ಮಾತ್ರ ಹೊರಗೆ ಸೋರುತ್ತದೆ. ನೋಡುವವರಿಗೆ ಮೂತ್ರ ಹೋಗುತ್ತಿದೆ ಎಂದೇ ತೋರುತ್ತದೆ.

ಅವರದೇ ಒಲೆಯ ಮೇಲೆ ರಬ್ಬರ್ ನಳಿಕೆಯನ್ನು ಕುದಿಸಿದೆ. ಎರಡನೆಯ ಸಲ ಕೈ ತೊಳೆದೆ. ನಳಿಕೆ ಹಾಕಿ, ನಡುನಡುವೆ ಹಿಸುಕಿ ಹಿಡಿದು, ನಿಧಾನವಾಗಿ ಬಿಟ್ಟೆ. ಒಮ್ಮೆಗೇ ಖಾಲಿ ಮಾಡಿದರೆ ರೋಗಿ ಬವಳಿ ಬೀಳುತ್ತಾಳೆ. ಬೇಸಿನ್ ತುಂಬಿತು. ತಾಯಿ ಹಳೆಯ ಮಡಕೆ ತಂದರು. ಅದೂ ತುಂಬುತ್ತ ಬಂತು. ಹೊಟ್ಟೆ ಎಲ್ಲರ ಕಣ್ಣೆದುರೇ ಇಳಿಯಿತು. ಹುಡುಗಿ ದೊಡ್ಡ ಉಸಿರು ಬಿಟ್ಟು ಕಣ್ಣು ಮುಚ್ಚಿದಳು.

"ಇದು ಕೊಬ್ಬಲ್ಲಮ್ಮ, ಮೂತ್ರ," ಎಂದು ತಾಯಿಗೆ ವಿವರಿಸಿದೆ. "ಮೂತ್ರದ ಚೀಲ ಸುಧಾರಿಸಿಕೊಳ್ಳೋವರೆಗೂ ದಿನಾ ಬಂದು ತೆಗೀತೀನಿ. ಹುರುಳಿ ಹಿಟ್ಟು ನಿಲ್ಲಿಸಿ. ಕಾಯಿಸಿ ಆರಿಸಿದ ನೀರು ಕೇಳಿದಷ್ಟೂ ಕೊಡಿ. ಇಲ್ಲದಿದ್ರೆ ನಿಂತ ಮೂತ್ರದಲ್ಲಿ ಕೀವಾಗುತ್ತೆ. ಮಗುವಿಗೆ ಹಾಲೂ ಬರಲ್ಲ."

ತಾಯಿ ತಲೆಯಾಡಿಸಿದರು. ಅಜ್ಜಿಯೂ ತಲೆಯಾಡಿಸಿದರು. ನಾನು ಚೀಲ ಕಟ್ಟಿ ಹೊಸಿಲು ದಾಟುವಾಗ ಅಜ್ಜಿ ಹೇಳುವುದು ಕೇಳಿಸಿತು: "ಕಂಡ್ಯಾ? ಕುಡುದ್ ನೀರೆಲ್ಲ ಒಟ್ಟೆನಾಗೇ ನಿಂತಿತ್ತು."

ತಿರುಗಿ ಬಂದು ಮತ್ತೆ ವಿವರಿಸಿದೆ. ಅವರು ಮತ್ತೆ ತಲೆಯಾಡಿಸಿದರು. ನಾನು ಮಾಡಿದ ಕೆಲಸ ಸರಿಯಾಗಿತ್ತು. ಆ ಬೇಸಿನ್ ಅವರಿಗೆ ಹೇಳಿದ ಮಾತು ಬೇರೆ.

ಮರುದಿನದಿಂದ ಬೇರೆ ಹಳ್ಳಿಗಳ ಭೇಟಿಯನ್ನು ಮಧ್ಯಾಹ್ನಕ್ಕೆ ದೂಡಿ, ಬೆಳಿಗ್ಗೆ ಮೊದಲು ಜಕ್ಕೂರಿಗೇ ಹೋದೆ. ವಿಮಾನದ ಮೈದಾನದಿಂದ ಎದ್ದ ಪುಟ್ಟ ವಿಮಾನ ಮನೆಗಳ ಮೇಲೆ ಸುತ್ತು ಹಾಕುತ್ತಿರುತ್ತಿತ್ತು. ಬೀದಿಯಲ್ಲಿ ಹುರುಳಿ ಹುರಿಯುವ ವಾಸನೆ ನನಗಿಂತ ಮೊದಲೇ ಎದುರಾಗುತ್ತಿತ್ತು. ದಿನದಿಂದ ದಿನಕ್ಕೆ ನಳಿಕೆಯಲ್ಲಿ ಬರುವುದು ಕಡಿಮೆಯಾಯಿತು. ಬಣ್ಣ ಕಡು ಚಹಾದಂತಾಯಿತು, ವಾಸನೆ ಕೆಟ್ಟಿತು. ನೀರು ಕಡಿಮೆಯಾದಷ್ಟೂ ಮೂತ್ರ ಕಡಿಮೆ. ಮೂತ್ರ ಕಡಿಮೆಯಾದಷ್ಟೂ ಹೊಟ್ಟೆಯ ಉಬ್ಬು ಕಡಿಮೆ. ಆ ತಾಯಿ ಬೆಳಿಗ್ಗೆ ಸಂಜೆ ಕಟ್ಟು ಬಿಚ್ಚಿ ನೋಡಿ, ತಮ್ಮ ಪಥ್ಯ ಫಲ ಕೊಡುತ್ತಿದೆ ಎಂದುಕೊಂಡರು.

"ಇಳೀತಾ ಐತೆ ನರ್ಸಮ್ಮ," ಎಂದರು ಒಂದು ದಿನ, ಬಹಳ ಸಂತೋಷದಿಂದ.

ಹುಡುಗಿಯ ತೋಳನ್ನು ಬೆಳಕಿಗೆ ಹಿಡಿದು ತೋರಿಸಿದೆ. ನನ್ನ ಹೆಬ್ಬೆರಳೂ ನಡುಬೆರಳೂ ಅದರ ಸುತ್ತ ಕೂಡುತ್ತಿದ್ದವು. ಕೆನ್ನೆ ಒಳಸೇರಿತ್ತು, ಎದೆ ಬತ್ತಿತ್ತು. "ಮೈ ಇಳಿದಿರೋದು ಎಲ್ಲಿಂದ ಅಂತ ನೋಡಿ. ಊಟ ಕಡಿಮೆಯಾದ್ರೆ ದೇಹ ತನಗೆ ಸಿಕ್ಕ ಕಡೆಯಿಂದೆಲ್ಲ ತಗೊಳ್ಳುತ್ತೆ. ಹೊಟ್ಟೆಯಿಂದ ಮಾತ್ರ ತಗೋ ಅಂತ ಅದಕ್ಕೆ ಹೇಳೋ ಕಾಳೂ ಇಲ್ಲ, ಸೊಪ್ಪೂ ಇಲ್ಲ. ಮಗುವಿಗೆ ಸೇರಬೇಕಾದ್ದೇ ಕರಗಿ ಹೋಗ್ತಾ ಇದೆ."

ತಾಯಿ ಮಗಳ ತೋಳನ್ನು ಸೆರಗಿನಿಂದ ಮುಚ್ಚಿದರು. "ತೋಳು ಕುಪ್ಪಸದಾಗೆ ಮುಚ್ಕಂಡ್ ಓಗ್ತದೆ. ಒಟ್ಟೆ ಕಾಣ್ತದಲ್ಲ?"

ಆಮೇಲೆ ತಗ್ಗಿದ ದನಿಯಲ್ಲಿ ಹಿರಿಯ ಮಗಳ ಸಂಗತಿ ಹೇಳಿದರು. ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ದಿನ ಅತ್ತೆ ಹತ್ತು ಜನರ ಎದುರು ಅವಳ ಹೊಟ್ಟೆ ಮುಟ್ಟಿ, "ನಿಮ್ಮವ್ವ ಬಾಣಂತನ ಮಾಡಿದ್ಲೋ, ಅಟ್ಟಿನಾಗೆ ಎಮ್ಮೆ ಮೇಯ್ಸುದ್ಲೋ?" ಎಂದಿದ್ದಳಂತೆ. ಆ ಮಾತು ಬೀಗರ ಊರಿಂದ ಜಕ್ಕೂರಿಗೆ ನಡೆದು ಬಂದಿತ್ತು. ಅಂದಿನಿಂದ ಆ ತಾಯಿಯನ್ನು ಯಾರೂ ಬಾಣಂತಿ ಕೋಣೆಗೆ ಕರೆದಿರಲಿಲ್ಲ. ಕಿರಿಯಳ ಹೊಟ್ಟೆಯಲ್ಲಿ ಅವರು ತಮ್ಮ ಮಾನವನ್ನು ಕಟ್ಟುತ್ತಿದ್ದರು.

ನಾನು ಅವರ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿದ ನೀರು ತರಿಸಿ, ಲೋಟಕ್ಕೆ ಬಗ್ಗಿಸಿ ಹುಡುಗಿಯ ಬಾಯಿಗೆ ಹಿಡಿದೆ. ಅವಳು ಲೋಟವನ್ನೇ ನೋಡಿದಳು, ನುಂಗುವವಳಂತೆ ಗಂಟಲು ಆಡಿಸಿದಳು, ಮುಖ ತಿರುಗಿಸಿದಳು.

"ಬ್ಯಾಡ ನರ್ಸಮ್ಮ. ಅವ್ವಂಗೆ ಕೆಟ್ಟೆಸರು ಬತ್ತದೆ."

 ಲೋಟವನ್ನು ಅವಳ ಕೈಗೆ ಎಟಕುವಂತೆ ಮಂಚದ ಪಕ್ಕ ಇಟ್ಟು ಎದ್ದೆ.

ಅದರ ಮರುದಿನ ಚಳಿಜ್ವರ ಬಂತು. ಮಂಚದ ನುಲಿ ಕಿರುಗುಟ್ಟುವಂತೆ ನಡುಗುತ್ತಿದ್ದಳು. ಬೆನ್ನಿನ ಎರಡೂ ಬದಿ, ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ಚೀರಿದಳು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಮಗು ಬತ್ತಿದ ಎದೆಯನ್ನು ಚೀಪಿ ಚೀಪಿ, ಅಳುವ ಶಕ್ತಿಯೂ ಇಲ್ಲದೆ ಮಲಗಿತ್ತು. ಕೇಂದ್ರಕ್ಕೆ ಹಿಂದಿರುಗಿ ಡಾಕ್ಟರಿಗೆ ಹೇಳಿದೆ. ಅವರು ಸಲ್ಫಾ ಮಾತ್ರೆ ಕೊಟ್ಟರು, ಜೊತೆಗೆ, "ನೀರು ಹೇರಳವಾಗಿ ಕುಡಿದರೆ ಮಾತ್ರ ಕೊಡಿ. ಇಲ್ಲದಿದ್ದರೆ ಮಾತ್ರೆ ಮೂತ್ರಪಿಂಡದಲ್ಲೇ ಹರಳು ಕಟ್ಟುತ್ತದೆ. ಕುಡಿಯದಿದ್ದರೆ ಪಟ್ಟಣದ ಆಸ್ಪತ್ರೆಗೆ ಸೇರಿಸಿ, ಅಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ" ಎಂದರು.

ಮಾತ್ರೆಯ ಪೊಟ್ಟಣ ಹಿಡಿದು ಮತ್ತೆ ಆ ಕೋಣೆಯಲ್ಲಿ ನಿಂತೆ. ನೀರು ಕುಡಿಸಲು ಅವರು ಬಿಡುವುದಿಲ್ಲ. ನೀರಿಲ್ಲದೆ ಮಾತ್ರೆ ಕೊಡಲು ನನಗಾಗುವುದಿಲ್ಲ. ಆಸ್ಪತ್ರೆಯ ಮಾತೆತ್ತಿದರೆ ತಾಯಿ ಬಾಗಿಲಿಗೆ ಅಡ್ಡ ನಿಂತರು. "ಅಸೀ ಬಾಣಂತೀನ ಒಸ್ಲು ದಾಟ್ಸೋದಾ? ಗಾಳಿ ಒಡುದ್ರೆ?"

ಮಂಚ ಕಿರುಗುಟ್ಟುತ್ತಲೇ ಇತ್ತು. ಅಲ್ಲಿಯವರೆಗೆ ನಾನು ಮಾತಾಡಿದ್ದು ಹೆಂಗಸರ ಜೊತೆ ಮಾತ್ರ. ಹೆರಿಗೆಯ ವಿಷಯವನ್ನು ಗಂಡಸರ ಮುಂದೆ ಎತ್ತಬಾರದು ಎಂಬುದು ಆ ಮನೆಗಳ ರೀತಿ. ರೀತಿ ಮುರಿದ ನರ್ಸಿಗೆ ಮತ್ತೆ ಬಾಗಿಲು ತೆರೆಯುತ್ತಿರಲಿಲ್ಲ. ಆ ದಿನ ಚೀಲವನ್ನು ಅಲ್ಲೇ ಬಿಟ್ಟು ಲಾಯಕ್ಕೆ ಹೋದೆ.

ಯಜಮಾನರು ಕುದುರೆಗೆ ಮಾಲೀಶು ಮಾಡುತ್ತಿದ್ದರು. ನನ್ನನ್ನು ಕಂಡು ತಲೆವಸ್ತ್ರ ಸರಿಮಾಡಿಕೊಂಡರು, ಕಣ್ಣೆತ್ತಲಿಲ್ಲ.

"ಯಜಮಾನ್ರೇ, ಕುದುರೆಗೆ ಹುರುಳಿ ಹೇಗೆ ಕೊಡ್ತೀರಿ?"

ಅವರಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. "ನೆನಸಿ, ಬೇಯ್ಸಿ ಕೊಡ್ತೀನಿ ತಾಯಿ. ಕೊಡೋಕ್ ಮುಂಚೆ ಒಟ್ಟೆ ತುಂಬ ನೀರು ಕುಡುಸ್ಬೇಕು."

"ಒಣ ಹುರುಳಿ ಹಾಕಿ, ನೀರು ಕೊಡದೆ ಕಟ್ಟಿ ಹಾಕಿದ್ರೆ?"

"ಅಂಗ್ ಮಾಡಾದುಂಟಾ? ಒಟ್ಟೆ ಉಬ್ಬರ್ಸ್ಕಂಡು, ಒದ್ದಾಡಿ ಸತ್ತೋಗ್ತದೆ."

"ಒಳಗೆ ನಿಮ್ಮ ಮಗಳಿಗೆ ಅದನ್ನೇ ಮಾಡ್ತಿದಾರೆ."

ಅವರ ಕೈ ಕುದುರೆಯ ಬೆನ್ನಿನ ಮೇಲೇ ನಿಂತಿತು. ಬಾಣಂತಿ ಕೋಣೆಯಲ್ಲಿ ಏನು ಕೊಡುತ್ತಿದ್ದಾರೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಮೂಟೆಯಿಂದ ಹುರುಳಿ ಕಡಿಮೆಯಾಗುವುದನ್ನು ಮಾತ್ರ ಕಂಡಿದ್ದರು.  ಕುದುರೆಯನ್ನು ಗಾಡಿಗೆ ಹೂಡಿದರು. ಆಮೇಲೆ, ಬಹುಶಃ ಆ ಮನೆಯಲ್ಲಿ ಮೊದಲ ಸಲ, ಬಾಣಂತಿ ಕೋಣೆಯ ಒಳಗೆ ಕಾಲಿಟ್ಟು, ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡರು.

ತಾಯಿ ಕಿರುಚಿದರು, ಎದೆ ಬಡಿದುಕೊಂಡರು. ಅಜ್ಜಿ ನನ್ನತ್ತ ಬೆರಳು ತೋರಿ, "ಮನೆ ಮುರುಕಿ!" ಎಂದರು. ಮಗುವನ್ನೂ ಕೊಡಿ, ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ ಎಂದು ಕೈಚಾಚಿದೆ. ತಾಯಿ ಅದನ್ನು ಎದೆಗೆ ಅವಚಿಕೊಂಡು ಮೂಲೆಗೆ ಸರಿದರು. "ನನ್ ಎಣದ ಮ್ಯಾಲೆ ತಗಂಡೋಗಿ. ಕೂಸ್ನ ಗಾಳಿಗೆ ಬಿಡಾಕಿಲ್ಲ." ಗಾಡಿಯಲ್ಲಿ ಹುಡುಗಿ ಮತ್ತೆ ನಡುಗತೊಡಗಿದ್ದಳು. ಎರಡು ಜೀವ, ಜಗ್ಗಾಡುತ್ತ ನಿಂತರೆ ಒಂದಂತೂ ಹೋಗುತ್ತಿತ್ತು. ಹಸುವಿನ ಹಾಲನ್ನು ಹೇಗೆ ಕಾಯಿಸಬೇಕು, ಎಷ್ಟು ನೀರು ಬೆರೆಸಬೇಕು, ಕುಡಿಸುವ ಒಳಲೆಯನ್ನು ಪ್ರತಿ ಸಲ ಕುದಿಸಬೇಕು ಎಂದು ಹೇಳಿ ಗಾಡಿ ಹತ್ತಿದೆ.

ಹೆಬ್ಬಾಳದ ಕೆರೆ ಬಳಿ ಕುದುರೆ ನೊರೆ ಸುರಿಸುತ್ತಿತ್ತು. ಯಜಮಾನರು ಗಾಡಿ ನಿಲ್ಲಿಸಿ ಬಕೆಟ್ಟಿನಲ್ಲಿ ನೀರು ತಂದರು. ಕುದುರೆ ಮೂತಿ ಮುಳುಗಿಸಿ ಎಳೆದೆಳೆದು ಕುಡಿಯಿತು. ಹುಡುಗಿ ಗಾಡಿಯ ಪಟ್ಟಿಗೆ ಕೆನ್ನೆ ಆನಿಸಿ ಅದನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಸೀರೆಯ ಅಂಚು ಹಿಡಿದಳು.

"ನಂಗೂ ಕೊಡಿ."

ನನ್ನ ಫ್ಲಾಸ್ಕಿನಲ್ಲಿ ಕಾಯಿಸಿದ ನೀರಿತ್ತು. ಗುಟುಕು ಗುಟುಕಾಗಿ ಕೊಟ್ಟೆ. ಮುಚ್ಚಳ ಕಿತ್ತುಕೊಳ್ಳುವಂತೆ ಕೈ ಚಾಚುತ್ತಿದ್ದಳು. ಯಜಮಾನರು ಕುದುರೆಯ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತರು.

ಆಸ್ಪತ್ರೆಯಲ್ಲಿ ನಳಿಕೆಯನ್ನು ಒಳಗೇ ಬಿಟ್ಟು ಕಟ್ಟಿದರು, ಸಲೈನ್ ಹಾಕಿದರು, ಚುಚ್ಚುಮದ್ದು ಶುರುಮಾಡಿದರು. ಅವಳು ಉಳಿದಳು. ನಿಧಾನವಾಗಿ, ಕೂದಲು ಉದುರಿ, ಆದರೆ ಉಳಿದಳು.

ಜಕ್ಕೂರಿನಲ್ಲಿ ಮಗುವಿಗೆ ಭೇದಿ ಹತ್ತಿತು. ಒಳಲೆಯನ್ನು ಕುದಿಸುತ್ತಿದ್ದರೋ ಇಲ್ಲವೋ ಈಗ ಹೇಳಲಾರೆ. ಅದನ್ನು ಬರಿ ಬೂದಿ ಹಚ್ಚಿ ತಿಕ್ಕಿ ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ್ದನ್ನು ನಾನು ಕಂಡಿದ್ದೆ. ಭೇದಿ ಜಾಸ್ತಿಯಾಗುತ್ತದೆ ಎಂದು ಹಾಲು, ನೀರು ಎರಡನ್ನೂ ನಿಲ್ಲಿಸಿದ್ದರು. ಭೇಟಿಗೆ ಹೋದಾಗ ನೆತ್ತಿಯ ಮೆತ್ತನೆ ಜಾಗ ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಹತ್ತಿಯಲ್ಲಿ ಅದ್ದಿ ಬಾಯಿಗೆ ಹಿಂಡಿದೆ. ಅದು ನುಂಗಲಿಲ್ಲ, ತುಟಿಯಂಚಿನಲ್ಲಿ ಹೊರಗೆ ಬಂತು. ತಾಯಿ ಈ ಸಲ ನನ್ನ ಕೈ ತಡೆಯಲಿಲ್ಲ. ಎತ್ತಿಕೊಂಡು ಹೊರಟಾಗಲೂ ತಡೆಯಲಿಲ್ಲ. ಲಾಯದವರೆಗೆ ತಂದೆ. ಯಜಮಾನರು ಗಾಡಿ ಹೂಡುವಷ್ಟರಲ್ಲಿ ಗಾಡಿ ಬೇಕಿರಲಿಲ್ಲ.

ಹುಡುಗಿ ಆಸ್ಪತ್ರೆಯಿಂದ ಬಂದದ್ದು ತೊಟ್ಟಿಲು ಬಿಚ್ಚಿಟ್ಟ ಮನೆಗೆ. ಆಮೇಲೂ ವಾರಕ್ಕೊಮ್ಮೆ ಹೋಗಿ ಜ್ವರ, ಮೂತ್ರ, ತೂಕ ನೋಡಿದೆ. ನನ್ನ ಜೊತೆ ಮಾತಾಡುತ್ತಿರಲಿಲ್ಲ. ಲೋಟ ಕೊಟ್ಟರೆ ಕುಡಿಯುತ್ತಿದ್ದಳು.

ಬೀಗರು ಕರೆದೊಯ್ಯಲು ಬಂದ ದಿನವೂ ನಾನು ಅಲ್ಲಿದ್ದೆ. ಅತ್ತೆ ಗಟ್ಟಿ ಹೆಂಗಸು. ಮಗುವಿಗಾಗಿ ಸ್ವಲ್ಪ ಅತ್ತರು, ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದರು. ಆಮೇಲೆ ಸೊಸೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಸೆರಗು ಸರಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅಲ್ಲಿ ಒತ್ತಲು ಏನೂ ಉಳಿದಿರಲಿಲ್ಲ. ಬೆನ್ನುಮೂಳೆಯೇ ಕೈಗೆ ಸಿಗುವಂತಿತ್ತು.

"ಬಾಣಂತನ ಅಂದ್ರೆ ಇಂಗಿರ್ಬೇಕು ನೋಡ್ರವ್ವ," ಎಂದು ಬಾಗಿಲಲ್ಲಿ ನೆರೆದ ಹೆಂಗಸರಿಗೆಲ್ಲ ಹೇಳಿದರು. "ಒಟ್ಟೆ ಎಲ್ಲೈತೋ ಗೊತ್ತಾಗಾಕಿಲ್ಲ. ದೊಡ್ಡವಳ ಕತೆ ನಾವೂ ಕೇಳಿದ್ವಿ. ಅವಳಂಗಲ್ಲ, ಇವಳಿಗೆ ಬೀಗಿತ್ತಿ ಚೆಂದಾಗಿ ಮಾಡವ್ಳೆ."

ಆ ತಾಯಿ ಎಷ್ಟೋ ವರ್ಷ ಕಾದಿದ್ದ ಮಾತು ಅದು. ಅವರು ನೆಲ ನೋಡುತ್ತ ನಿಂತಿದ್ದರು. ಅಲ್ಲ ಎನ್ನಲಿಲ್ಲ. ಅಲ್ಲ ಎಂದಿದ್ದರೆ ಮಗು ಹೇಗೆ ಹೋಯಿತು ಎಂದು ಹೇಳಬೇಕಾಗುತ್ತಿತ್ತು. ಬಾಗಿಲಲ್ಲಿದ್ದ ಅಜ್ಜಿ ಮಾತ್ರ, "ಉಳ್ಳಿ ಕಣವ್ವ, ಎಲ್ಲಾ ಉಳ್ಳಿ ಮಯ್ಮೆ" ಎಂದರು.

ಮುಂದಿನ ಬೇಸಿಗೆಯಲ್ಲಿ ಅಜ್ಜಿಯ ಮೊಮ್ಮಗಳಿಗೆ ಹೆರಿಗೆಯಾಯಿತು. ಬೀದಿಯ ತಿರುವಿನಲ್ಲೇ ಹುರುಳಿ ಹುರಿಯುವ ವಾಸನೆ. ಅಜ್ಜಿ ನನ್ನನ್ನು ಒಳಗೆ ಬಿಟ್ಟರು, ಚೀಲ ಬಿಚ್ಚಲು ಬಿಡಲಿಲ್ಲ. "ನಿನ್ ನಳಿಕೆ ಬ್ಯಾಡ ಕಣವ್ವ. ಜಟಕಾದವರ ಮನೇಲಿ ಒಟ್ಟೆ ಇಳ್ದಿದ್ದು ಊರೇ ನೋಡೈತೆ." ನೀರಿನ ಮಾತು ಹೇಳಿದೆ. ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು.

ನೇರವಾಗಿ ಪಕ್ಕದ ಮನೆಗೆ ಹೋದೆ. ತಾಯಿ ಜಗಲಿಯ ಮೇಲೆ ಕೂತು ಕುದುರೆಗೆ ಹುರುಳಿ ಆರಿಸುತ್ತಿದ್ದರು.

"ನೀವು ಬಂದು ಒಂದು ಮಾತು ಹೇಳಿ. ನಾನು ಹೇಳಿದ್ರೆ ಅವರು ಕೇಳಲ್ಲ."

"ಏನಂತ ಏಳ್ಲಿ?"

"ಆದದ್ದನ್ನ."

ಅವರು ಮೊರದಿಂದ ಕೈ ತೆಗೆಯಲಿಲ್ಲ. "ಆಗಾಕಿಲ್ಲ ನರ್ಸಮ್ಮ. ಅಷ್ಟು ಜನದ ಮುಂದೆ ಬೀಗಿತ್ತಿ ಒಳ್ಳೆ ಮಾತಾಡಿ ಓಗವ್ಳೆ." ಸ್ವಲ್ಪ ಹೊತ್ತು ಕಲ್ಲು ಹೆಕ್ಕಿ ಎಸೆದರು. "ನೀವು ಓಗಿ."

ಹೋದೆ. ಡಾಕ್ಟರನ್ನೇ ಕರೆತರುವುದೆಂದು ನಿಶ್ಚಯಿಸಿಕೊಂಡೆ, ಅದಕ್ಕೂ ಮೊದಲು ಮರುದಿನ ಬೆಳಿಗ್ಗೆ ಒಬ್ಬಳೇ ಒಮ್ಮೆ ನೋಡಲು ಬಂದೆ. ಬೀದಿಯಲ್ಲಿ ಹುರಿದ ವಾಸನೆ ಇರಲಿಲ್ಲ. ಬಾಣಂತಿಯ ಮಂಚದ ಪಕ್ಕ ತುಂಬಿದ ಹಿತ್ತಾಳೆಯ ಪಾತ್ರೆ, ಅದರ ಮೇಲೆ ಬೋರಲು ಹಾಕಿದ ಲೋಟ. ಆ ಪಾತ್ರೆ ನನಗೆ ಗುರುತಾಯಿತು, ಪಕ್ಕದ ಜಟಕಾದವರ ಮನೆಯದು.

"ಅವ್ಳಿಗೇನು ತಲೆ ಕೆಟ್ಟಿದ್ಯಾ?" ಅಜ್ಜಿ ರೇಗುತ್ತಿದ್ದರು. "ಬೆಳಗಾನೇ ಬಂದ್ಲು. ಒಂದ್ ಮಾತಿಲ್ಲ, ಕತೆಯಿಲ್ಲ. ಮೊಮ್ಮಗಳ ತಲೆ ಎತ್ತಿಡ್ಕಂಡು ನೀರು ಕುಡುಸುದ್ಲು. ಬ್ಯಾಡ ಅಂದ್ರೆ ನನ್ನೇ ತಳ್ಳುದ್ಲು. ಓಗೋವಾಗ ಉಳ್ಳಿ ಇಟ್ಟಿನ ಡಬ್ಬ, ಉರ್ಯೋ ಬಾಂಡ್ಲಿ ಎಲ್ಲಾ ಎತ್ಕಂಡ್ ಓದ್ಲು. ಸಂಜೆ ಮತ್ತೆ ಬತ್ತೀನಿ ಅಂದವ್ಳೆ. ಯಾಕೇಂತ ಕೇಳುದ್ರೆ ಬಾಯೇ ಬಿಡಾಕಿಲ್ಲ."

ನಾನೂ ಹೇಳಲಿಲ್ಲ. ಪತ್ರಿಕೆಯ ಹಾಳೆ ಹಾಸಿ ಚೀಲ ಇಟ್ಟೆ. ಕೈ ತೊಳೆದೆ. ಬಾಣಂತಿಯ ನಾಡಿ ಹಿಡಿಯುವ ಮೊದಲು ಅವಳ ತುಟಿ ನೋಡಿದೆ. ಇನ್ನೂ ಒದ್ದೆಯಾಗಿತ್ತು.